ಚಿತ್ರಪ್ರಶ್ನೆ: ಪಕ್ಕದಲ್ಲಿ ನಿಂತವರಿಗೂ ಕೆಲಸ ಕೊಟ್ಟ ಸಿನಿಮಾಗಳು

(ಈ ಅಂಕಣದಲ್ಲಿ ಉತ್ತರಿಸುವವರು ವೃತ್ತಿಯಿಂದ ವಿಮರ್ಶಕರಲ್ಲ, ಬೆಂಗಳೂರಿನ ಚಿತ್ರಮಂದಿರಗಳಲ್ಲಿ ಟಿಕೆಟ್ ಕೊಂಡು, ಬಿಡುವಾದಾಗ ಸಿನಿಮಾ ನೋಡುವ ಸಾಮಾನ್ಯ ಪ್ರೇಕ್ಷಕರು. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಪ್ರಕಟಿಸಿಲ್ಲ.)

ಪ್ರಶ್ನೆ: ‘ಸು ಫ್ರಮ್ ಸೋ’ ಚಿತ್ರವನ್ನು ಮಕ್ಕಳು, ಮೊಮ್ಮಕ್ಕಳೊಂದಿಗೆ ನೋಡಿದೆ. ಚಿತ್ರಮಂದಿರದಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದು ನಿಜ. ಮರುದಿನ ಪಾರ್ಕಿನಲ್ಲಿ ಗೆಳೆಯರು ಕಥೆ ಏನೆಂದು ಕೇಳಿದರೆ ನಾಲ್ಕು ವಾಕ್ಯಗಳ ಆಚೆ ಹೇಳಲು ಏನೂ ಸಿಗಲಿಲ್ಲ. ಕಥೆಯೇ ಇಲ್ಲದ ಚಿತ್ರಕ್ಕೆ ಇಷ್ಟೊಂದು ಹೊಗಳಿಕೆ ಸಲ್ಲುತ್ತದೆಯೇ?
ನಿವೃತ್ತ ಶಿಕ್ಷಕರು, ವಿಜಯನಗರ

ಉತ್ತರ: ಮೇಷ್ಟ್ರೇ, ಕಥೆ ನಾಲ್ಕು ವಾಕ್ಯಗಳಲ್ಲಿ ಮುಗಿಯುವುದನ್ನು ಆ ಚಿತ್ರದ ಕೊರತೆಯೆಂದು ಎಣಿಸಲು ನನಗೆ ಮನಸ್ಸಿಲ್ಲ. ಕರಾವಳಿಯ ಹಳ್ಳಿಯೊಂದರ ಅಶೋಕನೆಂಬ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಎಂಬ ತೀರಿಕೊಂಡ ಹೆಂಗಸು ಬಂದಿದ್ದಾಳೆಂದು ಗುಲ್ಲೆದ್ದು, ಊರಿಗೆ ಊರೇ ಅದನ್ನು ನಂಬಿಬಿಡುತ್ತದೆ. ವಸ್ತು ಇಷ್ಟೇ. ಆದರೆ ಗುಲ್ಲು ಹಬ್ಬಬೇಕಾದರೆ ಬಾಯಿಗಳು ಬೇಕು, ಒಂದೊಂದು ಬಾಯಿ ದಾಟುವಾಗಲೂ ಅದು ಒಂದಿಷ್ಟು ಕೊಬ್ಬಬೇಕು, ಪ್ರತಿಯೊಬ್ಬನಿಗೂ ಅದನ್ನು ನಂಬುವುದಕ್ಕೆ ತನ್ನದೇ ಆದ ಕಾರಣವಿರಬೇಕು. ಒಬ್ಬ ಹೆದರಿಕೆಯಿಂದ ನಂಬುತ್ತಾನೆ, ಇನ್ನೊಬ್ಬ ಹೊತ್ತು ಹೋಗದೆ ನಂಬುತ್ತಾನೆ, ಮತ್ತೊಬ್ಬ ತನಗೆ ಹೆದರಿಕೆಯಿಲ್ಲವೆಂದು ತೋರಿಸಿಕೊಳ್ಳಲು ಮುಂದೆ ನಿಂತು, ಕಾಲು ಮಾತ್ರ ಹಿಂದಕ್ಕೆ ಇಡುತ್ತಾನೆ. ಚಿತ್ರದ ನಿಜವಾದ ಕಥೆ ನಡೆಯುವುದು ಈ ಗುಂಪಿನೊಳಗೆ.

ಅಶೋಕನ ಪಾತ್ರ ಮಾಡಿರುವ ಜೆ.ಪಿ. ತುಮಿನಾಡು ಅವರೇ ಇದನ್ನು ಬರೆದು ನಿರ್ದೇಶಿಸಿದ್ದಾರೆ. ತಾನೇ ಬರೆದು, ತಾನೇ ನಿರ್ದೇಶಿಸಿ, ತಾನೇ ನಟಿಸುವವರು ಸಾಮಾನ್ಯವಾಗಿ ಒಳ್ಳೆಯ ಮಾತುಗಳನ್ನೆಲ್ಲ ತಮ್ಮ ಪಾಲಿಗೇ ಇಟ್ಟುಕೊಳ್ಳುವುದನ್ನು ನಾವು ಕಂಡಿದ್ದೇವೆ. ಇಲ್ಲಿ ಹಾಗಾಗಿಲ್ಲ. ಊರಿನ ಎಲ್ಲ ಕೆಲಸಕ್ಕೂ ಮುಂದಾಗುವ ರವಿಯಣ್ಣನಾಗಿ ಶನೀಲ್ ಗೌತಮ್ ನಾಯಕನಷ್ಟೇ ಜಾಗ ಪಡೆಯುತ್ತಾರೆ; ಪ್ರಕಾಶ್ ತುಮಿನಾಡು, ದೀಪಕ್ ರೈ ಪಾಣಾಜೆ, ಮೈಮ್ ರಾಮದಾಸ್ ಅವರಂತಹ ಕರಾವಳಿಯ ರಂಗಭೂಮಿ ಮತ್ತು ತುಳು ಚಿತ್ರಗಳಲ್ಲಿ ಪಳಗಿದ ನಟರಿಗೆ ಒಂದೊಂದು ನಗೆಯನ್ನು ತಾವೇ ಹುಟ್ಟಿಸಿ ತಾವೇ ಮುಗಿಸುವಷ್ಟು ಅವಕಾಶವಿದೆ. ನಿರ್ಮಾಪಕರಾದ ರಾಜ್ ಬಿ. ಶೆಟ್ಟಿ ಕೂಡ ಕರುಣಾಕರ ಗುರೂಜಿಯಾಗಿ ಬಂದು, ತಮ್ಮ ಪಾಲಿನಷ್ಟು ನಗಿಸಿ, ಉಳಿದದ್ದನ್ನು ಇತರರಿಗೆ ಬಿಟ್ಟು ಹೋಗುತ್ತಾರೆ. ದುಡ್ಡು ಹಾಕಿದವರು ಇಷ್ಟು ಸುಮ್ಮನಿರುವುದು ಅಪರೂಪ.

ನನ್ನ ತಕರಾರು ಬೇರೆ. ಸುಲೋಚನಾಳ ಮಗಳು ಭಾನು ಕಥೆಯೊಳಗೆ ಬಂದ ಮೇಲೆ ಚಿತ್ರ ಗಂಭೀರವಾಗುತ್ತದೆ, ಆಗಬೇಕಾದದ್ದೇ. ಸಂಧ್ಯಾ ಅರಕೆರೆ ಆ ಪಾತ್ರವನ್ನು ಹದವಾಗಿ ನಿರ್ವಹಿಸಿದ್ದಾರೆ. ಆದರೆ ಗಂಡಸರ ಗುಂಪಿಗೆ ಕೊಟ್ಟ ಸಮಯದ ಕಾಲು ಭಾಗವನ್ನೂ ಅವಳಿಗೆ ಕೊಟ್ಟಿಲ್ಲವಾದ್ದರಿಂದ, ಅವಳ ಕಷ್ಟ ನಮಗೆ ತಿಳಿಯುತ್ತದೆಯೇ ಹೊರತು ಅವಳು ತಿಳಿಯುವುದಿಲ್ಲ. ನಿಮ್ಮ ಗೆಳೆಯರು ಮತ್ತೆ ಕಥೆ ಕೇಳಿದರೆ ಊರಿನ ಹತ್ತು ಜನರ ನಡೆನುಡಿ ಹೇಳಿಬಿಡಿ, ಅದೇ ಕಥೆ.

ಪ್ರಶ್ನೆ: ರಂಗಾಯಣ ರಘು ಅವರನ್ನು ಹಾಸ್ಯನಟರೆಂದೇ ತಿಳಿದಿದ್ದೆ. ಈಚೆಗೆ ಅವರು ನಾಯಕರಾಗಿರುವ ಚಿತ್ರಗಳನ್ನು ನೋಡಲೇಬೇಕೆಂದು ಮಗಳು ಒತ್ತಾಯಿಸುತ್ತಿದ್ದಾಳೆ. ಎಲ್ಲಿಂದ ಆರಂಭಿಸಲಿ?
ಗೃಹಿಣಿ, ಬಸವನಗುಡಿ

ಉತ್ತರ: 2024ರ ಫೆಬ್ರವರಿಯಲ್ಲಿ ಬಂದ ‘ಶಾಖಾಹಾರಿ’ಯಿಂದ ಆರಂಭಿಸಿ. ಸಂದೀಪ್ ಸುಂಕದ್ ನಿರ್ದೇಶನದ ಈ ಚಿತ್ರದಲ್ಲಿ ರಘು ಅವರು ಮಲೆನಾಡಿನ ಸಣ್ಣ ಊರಿನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಸುಬ್ಬಣ್ಣ. ಪೊಲೀಸರಿಂದ ತಪ್ಪಿಸಿಕೊಂಡ, ಗಾಯಗೊಂಡ ಯುವಕನೊಬ್ಬ ಅವನ ಹೋಟೆಲಿನೊಳಕ್ಕೆ ಬಂದು ಅಡಗುತ್ತಾನೆ. ಮುಂದಿನದನ್ನು ನಾನು ಹೇಳಿದರೆ ನಿಮ್ಮ ಮಗಳು ನನ್ನನ್ನು ಕ್ಷಮಿಸುವುದಿಲ್ಲ.

ಇದೇ ನಟರು ಹತ್ತಾರು ಚಿತ್ರಗಳಲ್ಲಿ ಕಣ್ಣರಳಿಸಿ, ಗಂಟಲು ಹರಿದುಕೊಂಡು ನಗಿಸಿದ್ದನ್ನು ನೀವು ನೋಡಿದ್ದೀರಿ. ಸುಬ್ಬಣ್ಣನಾಗಿ ಅವರು ದನಿಯನ್ನೇ ಏರಿಸುವುದಿಲ್ಲ. ಹೋಟೆಲು ನಡೆಸುವವನ ಕೈಗೆ ಬಿಡುವೆಂಬುದಿರುವುದಿಲ್ಲ. ತರಕಾರಿ ಹೆಚ್ಚುವುದು, ಒಲೆ ನೋಡುವುದು, ಮೇಜು ಒರೆಸುವುದು, ಗಿರಾಕಿಗೆ ಬಡಿಸುವುದು ಇವೆಲ್ಲ ಮಾತಿನ ನಡುವೆಯೇ ಸಾಗುತ್ತಿರುತ್ತವೆ. ಪ್ರಶ್ನೆ ಕೇಳಿದವರ ಮುಖ ನೋಡದೆ ಕೆಲಸದ ಮೇಲೆ ಕಣ್ಣಿಟ್ಟು ಉತ್ತರಿಸುವ ಆ ಮನುಷ್ಯ ಏನನ್ನೋ ಮುಚ್ಚಿಡುತ್ತಿದ್ದಾನೆಯೇ ಅಥವಾ ಅವನ ಸ್ವಭಾವವೇ ಅಂಥದ್ದೇ ಎಂಬ ಅನುಮಾನವೇ ಚಿತ್ರವನ್ನು ಎಳೆದೊಯ್ಯುತ್ತದೆ. ಎದುರಿಗೆ ಪೊಲೀಸ್ ಅಧಿಕಾರಿಯಾಗಿ ಗೋಪಾಲಕೃಷ್ಣ ದೇಶಪಾಂಡೆ ಇದ್ದಾರೆ; ಇಬ್ಬರೂ ಒಟ್ಟಿಗೆ ಇರುವ ದೃಶ್ಯಗಳಲ್ಲಿ ಯಾರೂ ಯಾರನ್ನೂ ಮೀರಿಸಲು ಹೊರಡುವುದಿಲ್ಲ. ಬಿ.ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ರಂಗಾಯಣ ನಾಟಕ ಸಂಸ್ಥೆಯ ಹೆಸರು ರಘು ಅವರ ಹೆಸರಿಗೆ ಅಂಟಿಕೊಂಡಿರುವುದು ಯಾಕೆಂದು ಆ ದೃಶ್ಯಗಳಲ್ಲಿ ಅರ್ಥವಾಗುತ್ತದೆ.

ಅದು ಹಿಡಿಸಿದರೆ ಜನಾರ್ದನ್ ಚಿಕ್ಕಣ್ಣ ಅವರ ‘ಅಜ್ಞಾತವಾಸಿ’ಯನ್ನು ನೋಡಿ. 2025ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಚಿತ್ರವದು. ಅದರಲ್ಲೂ ಮಲೆನಾಡೇ, ತೊಂಬತ್ತರ ದಶಕದ ಕೊನೆಯ ಕಾಲ. ವರ್ಷಗಟ್ಟಲೆ ಅಪರಾಧವೇ ನಡೆಯದ ಊರಿನ ಇನ್‌ಸ್ಪೆಕ್ಟರ್ ಆಗಿ ರಘು ನಟಿಸಿದ್ದಾರೆ. ಊರಿಗೆ ಬರುವ ಕಂಪ್ಯೂಟರೊಂದು ಕಥೆಯಲ್ಲಿ ಪಾತ್ರದಂತೆಯೇ ಸುಳಿದಾಡುತ್ತದೆ. ನಡಿಗೆ ನಿಧಾನ. ಅವಸರವಿದ್ದ ದಿನ ನೋಡಬೇಡಿ.

ಪ್ರಶ್ನೆ: ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಎರಡೂ ಭಾಗಗಳನ್ನು ತಡವಾಗಿ, ಮನೆಯಲ್ಲೇ ನೋಡಿದೆ. ಮೊದಲ ಭಾಗ ಮುಗಿದ ಮೇಲೆ ಎರಡು ದಿನ ಮನಸ್ಸು ಸರಿಯಿರಲಿಲ್ಲ. ಎರಡನೆಯದು ಬೇಕಿತ್ತೇ ಎಂಬ ಪ್ರಶ್ನೆ ಇನ್ನೂ ಉಳಿದಿದೆ. ನಿಮ್ಮ ಅಭಿಪ್ರಾಯವೇನು?
ಸಾಫ್ಟ್‌ವೇರ್ ಉದ್ಯೋಗಿ, ಬೆಳ್ಳಂದೂರು

ಉತ್ತರ: ಬೇಕಿತ್ತು, ಆದರೆ ಇಷ್ಟು ಉದ್ದಕ್ಕೆ ಬೇಕಿರಲಿಲ್ಲ.

ನೋಡದವರಿಗಾಗಿ ಹೇಳುವುದಾದರೆ, ಹೇಮಂತ್ ಎಂ. ರಾವ್ ನಿರ್ದೇಶನದ ಈ ಚಿತ್ರದ ‘ಸೈಡ್ ಎ’ 2023ರ ಸೆಪ್ಟೆಂಬರ್ 1ರಂದು, ‘ಸೈಡ್ ಬಿ’ ಅದೇ ವರ್ಷದ ನವೆಂಬರ್ 17ರಂದು ತೆರೆಕಂಡವು. ಬೆಂಗಳೂರಿನ ಶ್ರೀಮಂತರೊಬ್ಬರ ಮನೆಯಲ್ಲಿ ಕಾರು ಓಡಿಸುವ ಮನು, ತಾನು ಮಾಡದ ಅಪಘಾತದ ತಪ್ಪನ್ನು ದುಡ್ಡಿನ ಆಸೆಗೆ ತನ್ನ ಮೇಲೆ ಹೊತ್ತುಕೊಂಡು ಜೈಲು ಸೇರುತ್ತಾನೆ. ಸ್ವಂತ ಮನೆಯ ಕನಸು ಕಂಡಿದ್ದ ಪ್ರಿಯಾ ಹೊರಗೆ ಉಳಿಯುತ್ತಾಳೆ. ರಕ್ಷಿತ್ ಶೆಟ್ಟಿ ಮತ್ತು ರುಕ್ಮಿಣಿ ವಸಂತ್ ಇಬ್ಬರ ಅಭಿನಯವನ್ನೂ ಎಲ್ಲರೂ ಮೆಚ್ಚಿದ್ದಾರೆ, ಚರಣ್ ರಾಜ್ ಸಂಗೀತವನ್ನೂ. ನಾನು ಮತ್ತೆ ಹೊಗಳುವ ಅಗತ್ಯವಿಲ್ಲ.

ಎರಡನೆಯ ಭಾಗ ಬೇಕಿತ್ತೆಂದು ನಾನು ಹೇಳುವುದು ಚೈತ್ರಾ ಜೆ. ಆಚಾರ್ ಅವರ ಸುರಭಿಗಾಗಿ. ಮೊದಲ ಭಾಗದಲ್ಲಿ ಲೋಕವೆಲ್ಲ ಮನು ಮತ್ತು ಪ್ರಿಯಾ ಇಬ್ಬರದೇ. ಜೈಲಿನಿಂದ ಹೊರಬಂದ ಮನು ಹಳೆಯ ಪ್ರೀತಿಯನ್ನು ಬೆನ್ನಟ್ಟುವಾಗ, ಅವನ ಆ ಹಟಕ್ಕೆ ಬೆಲೆ ತೆರುವವರು ಬೇರೆಯವರೂ ಇದ್ದಾರೆಂಬುದು ಸುರಭಿಯಿಂದ ನಮಗೆ ಗೊತ್ತಾಗುತ್ತದೆ. ಅವಳು ಕರುಣೆ ಬೇಡುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ತನಗೆ ಸಿಕ್ಕಿದ್ದು ಇನ್ನೊಬ್ಬಳ ಜಾಗವೆಂದು ಅವಳಿಗೆ ಅರ್ಥವಾದ ಕ್ಷಣದಲ್ಲಿ ನನಗೆ ನಾಯಕನ ಮೇಲಿದ್ದ ಮರುಕ ಅರ್ಧಕ್ಕರ್ಧ ಇಳಿದುಹೋಯಿತು. ನಿರ್ದೇಶಕರಿಗೂ ಅದೇ ಬೇಕಿತ್ತೇನೋ. ಆ ಮೇಲೆ ಹಗೆ ತೀರಿಸಿಕೊಳ್ಳುವ ಎಳೆಯೊಂದು ಬಂದು, ಹೊಡೆದಾಟಕ್ಕೆ ಹೊತ್ತು ಕೊಟ್ಟಷ್ಟೂ ಚಿತ್ರ ನಾವು ಬೇರೆಡೆ ನೋಡಿದ ಚಿತ್ರಗಳ ಹಾಗೆ ಕಾಣತೊಡಗುತ್ತದೆ. ಅಲ್ಲಿ ಕತ್ತರಿ ಆಡಬೇಕಿತ್ತು.

ಮನೆಯಲ್ಲಿ ನೋಡಿದ್ದರಿಂದ ನೀವು ಕಳೆದುಕೊಂಡದ್ದು ಮುಖ್ಯವಾಗಿ ಮೌನವನ್ನು. ತುಂಬಿದ ಚಿತ್ರಮಂದಿರದಲ್ಲಿ ಅಷ್ಟೂ ಜನ ಒಟ್ಟಿಗೆ ಸುಮ್ಮನಾಗುವುದು ಕುಕ್ಕರು ಕೂಗುವ ಮನೆಯಲ್ಲಿ ಸಿಗುವಂಥದ್ದಲ್ಲ.

ಪ್ರಶ್ನೆ: ನಿಮ್ಮ ಅಂಕಣವನ್ನು ಮೊದಲಿನಿಂದ ಓದುತ್ತಿದ್ದೇನೆ. ದೊಡ್ಡ ನಟರ ಚಿತ್ರಗಳೆಂದರೆ ನಿಮಗೆ ಅಷ್ಟಕ್ಕಷ್ಟೇ ಎಂಬುದು ಸ್ಪಷ್ಟವಾಗಿದೆ. ಅಭಿಮಾನಿಗಳಿಲ್ಲದಿದ್ದರೆ ಚಿತ್ರೋದ್ಯಮ ಎಲ್ಲಿರುತ್ತಿತ್ತು? ಸಣ್ಣ ಚಿತ್ರಗಳನ್ನು ಹೊಗಳುವುದು ಒಂದು ಫ್ಯಾಷನ್ ಆಗಿಬಿಟ್ಟಿದೆ.
ಆಟೊ ಚಾಲಕರು, ಹನುಮಂತನಗರ

ಉತ್ತರ: ಅಣ್ಣಾವ್ರೇ, ನಿಮ್ಮ ಮಾತಿನ ಅರ್ಧವನ್ನು ಒಪ್ಪುತ್ತೇನೆ. ಮಾಗಡಿ ರಸ್ತೆಯ ಚಿತ್ರಮಂದಿರದಲ್ಲಿ ಮೊದಲ ದಿನದ ಮೊದಲ ಆಟಕ್ಕೆ ತಮಟೆ ಬಡಿದು, ಕಟೌಟಿಗೆ ಹಾರ ಹಾಕಿ, ನಾಯಕನ ಎಂಟ್ರಿಗೆ ಬಾಲ್ಕನಿಯಿಂದ ಹರಿದ ಕಾಗದ ತೂರುವ ಸಂಭ್ರಮವನ್ನು ನಾನೂ ಇಷ್ಟಪಡುತ್ತೇನೆ. ನನ್ನ ಬೇಸರ ನಾಯಕನ ಮೇಲಲ್ಲ. ಅವನ ಸುತ್ತ ನಿಂತ ನಲವತ್ತು ಜನರಿಗೆ ಬಿಲ್ಡಪ್ ಕೊಡುವುದನ್ನು ಬಿಟ್ಟರೆ ಬೇರೆ ಕೆಲಸವೇ ಇಲ್ಲದಿರುವುದರ ಮೇಲೆ. ಒಬ್ಬ ಬಂದು ‘ಅವನು ಯಾರು ಗೊತ್ತಾ’ ಎನ್ನುತ್ತಾನೆ, ಇನ್ನೊಬ್ಬ ಬೆವರು ಒರೆಸಿಕೊಳ್ಳುತ್ತಾನೆ, ತಾಯಿ ಅಳುತ್ತಾಳೆ, ನಾಯಕಿ ಎರಡು ಹಾಡಿಗೆ ಬಂದು ಹೋಗುತ್ತಾಳೆ. ಖಳನಿಗೂ ನಾಯಕನನ್ನು ಹೊಗಳುವುದೇ ಕೆಲಸ. ಇಷ್ಟು ಜನ ಸೇರಿ ಎತ್ತಿ ಹಿಡಿದರೂ ನಾಯಕ ದೊಡ್ಡವನಾಗಿ ಕಾಣುವುದಿಲ್ಲ, ಏಕೆಂದರೆ ಅವನೆದುರು ನಿಲ್ಲಬಲ್ಲ ಇನ್ನೊಬ್ಬ ಮನುಷ್ಯನೇ ಚಿತ್ರದಲ್ಲಿರುವುದಿಲ್ಲ.

ಇದು ನಮ್ಮಲ್ಲಿ ಮೊದಲಿನಿಂದ ಇದ್ದ ರೋಗವಲ್ಲ. 1972ರ ‘ನಾಗರಹಾವು’ ಚಿತ್ರವನ್ನೇ ತೆಗೆದುಕೊಳ್ಳಿ. ವಿಷ್ಣುವರ್ಧನ್ ಅವರ ರಾಮಾಚಾರಿಯನ್ನು ನೆನೆಸಿಕೊಂಡವರ ಬಾಯಲ್ಲಿ ಕೆ.ಎಸ್. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರ ಹೆಸರು ಬಂದೇ ಬರುತ್ತದೆ. ಆ ಮೇಷ್ಟ್ರಿಗೆ ಶಿಷ್ಯನ ಮೇಲೆ ಪ್ರೀತಿಯಿದೆ, ಆ ಪ್ರೀತಿಯಿಂದಲೇ ಅವರು ಅವನ ಬದುಕಿನ ದಿಕ್ಕು ತಪ್ಪಿಸುತ್ತಾರೆ. ಅಷ್ಟು ತೂಕದ ಕೆಲಸವನ್ನು ಪುಟ್ಟಣ್ಣ ಕಣಗಾಲ್ ಒಬ್ಬ ಪೋಷಕ ನಟನ ಕೈಗೆ ಕೊಟ್ಟರು. ಇಂದು ಅದೇ ಪಾತ್ರ ಬರೆದರೆ ಮೇಷ್ಟ್ರು ಮೂರು ದೃಶ್ಯಗಳಲ್ಲಿ ಬುದ್ಧಿ ಹೇಳಿ ನಾಲ್ಕನೆಯದರಲ್ಲಿ ಸಾಯುತ್ತಿದ್ದರೋ ಏನೋ.

ಮೊದಲ ‘ಕಾಂತಾರ’ ಮಾಸ್ ಚಿತ್ರವೇ ಅಲ್ಲವೇ? 2022ರಲ್ಲಿ ಅದನ್ನು ನಾನು ಎರಡು ಬಾರಿ ನೋಡಿದೆ. ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ರಿಷಬ್ ಶೆಟ್ಟಿಯವರ ಅಭಿನಯಕ್ಕೆ ಸೀಟಿನಲ್ಲಿ ಕೂರಲಾಗದವರು ನನ್ನ ಸಾಲಿನಲ್ಲೇ ಇದ್ದರು, ಆ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ಆ ಕೊನೆಯ ಭಾಗಕ್ಕೆ ಬಲ ಬಂದದ್ದು ಅದರ ಹಿಂದಿನ ಎರಡು ಗಂಟೆಗಳಲ್ಲಿ. ಕಿಶೋರ್ ಮಾಡಿದ ಅರಣ್ಯಾಧಿಕಾರಿ ಮುರಳೀಧರ್ ಕಾನೂನು ಹೇಳುವ ಮನುಷ್ಯ. ಅವನ ಮಾತಿನಲ್ಲೂ ನ್ಯಾಯವಿದೆ ಎಂದು ನಮಗೆ ಒಳಗೊಳಗೇ ಅನ್ನಿಸುತ್ತಿರುತ್ತದೆ. ಅಚ್ಯುತ್ ಕುಮಾರ್ ಅವರ ಧಣಿ ಹೆಗಲ ಮೇಲೆ ಕೈಹಾಕಿ ಮಾತಾಡಿಸುವಂಥ ಮನುಷ್ಯ. ಆ ಸಲಿಗೆಯೇ ಅವನ ಆಯುಧ ಎಂಬುದು ತಡವಾಗಿ ತಿಳಿಯುತ್ತದೆ. ಮಾನಸಿ ಸುಧೀರ್ ಮಾಡಿದ ತಾಯಿ ಅಳುವುದಕ್ಕಿಂತ ಹೆಚ್ಚಾಗಿ ಮಗನನ್ನು ಬೈಯುತ್ತಾಳೆ. ಇಷ್ಟು ಜನ ಗಟ್ಟಿಯಾಗಿ ನಿಂತದ್ದರಿಂದಲೇ ನಾಯಕ ಶಿವನ ಕೂಗು ನಮ್ಮನ್ನು ಅಲುಗಿಸಿತು.

2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ: ಅಧ್ಯಾಯ 1’ ಕದಂಬರ ಕಾಲಕ್ಕೆ ಹೋಗಿ ಎಲ್ಲವನ್ನೂ ಹಿಗ್ಗಿಸಿತು. ಕಾಡು, ಅರಮನೆ, ಯುದ್ಧ ಎಲ್ಲವೂ ಕಣ್ಣು ತುಂಬುತ್ತವೆ, ಅರವಿಂದ್ ಕಶ್ಯಪ್ ಅವರ ಛಾಯಾಗ್ರಹಣಕ್ಕೆ ಕೈಮುಗಿಯಬೇಕು. ರಾಜಕುಮಾರಿ ಕನಕವತಿಯಾಗಿ ರುಕ್ಮಿಣಿ ವಸಂತ್ ಅವರಿಗೆ ಕಥೆಯನ್ನು ತಿರುಗಿಸುವ ಕೆಲಸವಿದೆ, ಅದನ್ನು ಅವರು ಚೆನ್ನಾಗಿ ಮಾಡಿದ್ದಾರೆ. ಆದರೂ ಮೊದಲ ಚಿತ್ರದ ಊರಿನವರನ್ನು ನಾನು ಒಬ್ಬೊಬ್ಬರನ್ನಾಗಿ ಗುರುತಿಸಬಲ್ಲೆ. ಇದರಲ್ಲಿನ ಜನ ನನ್ನ ನೆನಪಿನಲ್ಲಿ ಒಂದು ಗುಂಪಾಗಿ ಉಳಿದಿದ್ದಾರೆ. ನೀವು ಒಪ್ಪದಿದ್ದರೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಜಗಳವಾಡೋಣ.

ಪ್ರಶ್ನೆ: ಟಿಕೆಟ್ ದರ 200 ರೂಪಾಯಿ ಮೀರಬಾರದೆಂದು ಸರ್ಕಾರ ಆದೇಶ ಹೊರಡಿಸಿತ್ತಲ್ಲ, ಮಾಲಿನಲ್ಲಿ ಈಗಲೂ ಅದರ ಎರಡರಷ್ಟು ಕೇಳುತ್ತಾರೆ. ಏನಾಯಿತು?
ಪದವಿ ವಿದ್ಯಾರ್ಥಿ, ನಾಗರಭಾವಿ

ಉತ್ತರ: ಮಲ್ಟಿಪ್ಲೆಕ್ಸ್‌ಗಳೂ ಸೇರಿದಂತೆ ಎಲ್ಲ ಚಿತ್ರಮಂದಿರಗಳಲ್ಲಿ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ವಿಧಿಸಿದ ಅಧಿಸೂಚನೆ ಹೊರಬಿದ್ದದ್ದು 2025ರ ಸೆಪ್ಟೆಂಬರ್ 12ರಂದು, 75 ಅಥವಾ ಅದಕ್ಕಿಂತ ಕಡಿಮೆ ಆಸನಗಳಿರುವ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ ಇತ್ತು. ಮಲ್ಟಿಪ್ಲೆಕ್ಸ್‌ನವರು ಮತ್ತು ನಿರ್ಮಾಪಕರು ನ್ಯಾಯಾಲಯಕ್ಕೆ ಹೋದರು, ಅದೇ ತಿಂಗಳ 23ರಂದು ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ಇಂಥದೇ ಪ್ರಯತ್ನ 2017ರಲ್ಲೂ ನಡೆದು ನಿಂತುಹೋಗಿತ್ತು. ವಿದ್ಯಾರ್ಥಿಗೆ ನಾನು ಹೇಳಬಲ್ಲದ್ದು ಇಷ್ಟೇ: ಕೆ.ಜಿ. ರಸ್ತೆಯಲ್ಲಿ, ಮಾಗಡಿ ರಸ್ತೆಯಲ್ಲಿ ಉಳಿದುಕೊಂಡಿರುವ ಒಂಟಿ ಪರದೆಯ ಚಿತ್ರಮಂದಿರಗಳಿಗೆ, ವಾರದ ನಡುವಿನ ದಿನ, ಬೆಳಗಿನ ಆಟಕ್ಕೆ ಹೋಗಿ. ಪಾಪ್‌ಕಾರ್ನ್ ಆಸೆ ಬಿಟ್ಟರೆ ಇನ್ನೂ ಉತ್ತಮ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಯು/ಎ ಎಂದು ನೋಡಿ ಕರೆದೊಯ್ದರೆ ಚಿತ್ರದಲ್ಲಿ ರಕ್ತಪಾತ. ಈಗ ಅದರ ಮುಂದೆ ಸಂಖ್ಯೆಗಳೂ ಕಾಣುತ್ತಿವೆ. ಇವನ್ನು ಹೇಗೆ ಓದಬೇಕು?
ಬ್ಯಾಂಕ್ ಉದ್ಯೋಗಿ, ಜೆ.ಪಿ. ನಗರ

ಉತ್ತರ: 2024ರಿಂದ ಯು/ಎ ದರ್ಜೆಯನ್ನು 7, 13 ಮತ್ತು 16 ವರ್ಷ ಎಂದು ಮೂರಾಗಿ ಒಡೆದಿದ್ದಾರೆ. ಆ ವಯಸ್ಸಿಗಿಂತ ಚಿಕ್ಕ ಮಕ್ಕಳು ನೋಡಬಹುದೇ ಎಂಬುದನ್ನು ತಂದೆತಾಯಿ ತೀರ್ಮಾನಿಸಬೇಕೆಂಬ ಸೂಚನೆ ಅದು. ‘ಎ’ ದರ್ಜೆಯ ಹಾಗೆ ಬಾಗಿಲಲ್ಲೇ ತಡೆಯುವ ನಿಷೇಧವಲ್ಲ. ಹಾಗಾಗಿ ಟಿಕೆಟ್ ಕೊಳ್ಳುವ ಮುನ್ನ ಸಂಖ್ಯೆಯನ್ನು ನೋಡುವುದು ನಿಮ್ಮ ಹೊಣೆ. 16 ಎಂದಿದ್ದರೆ ಒಂಬತ್ತರ ಹುಡುಗನನ್ನು ನಾನಂತೂ ಕರೆದೊಯ್ಯುವುದಿಲ್ಲ. ರಕ್ತಕ್ಕಿಂತಲೂ ಮಕ್ಕಳನ್ನು ಹೆಚ್ಚು ಬೆಚ್ಚಿಸುವುದು ಶಬ್ದ. ಈಚಿನ ಸಾಹಸ ಚಿತ್ರಗಳ ಹಿನ್ನೆಲೆ ಸಂಗೀತಕ್ಕೆ ದೊಡ್ಡವರೇ ಕಿವಿ ಮುಚ್ಚಿಕೊಳ್ಳುವಂತಿರುತ್ತದೆ.

ಹುಡುಗನ ಕಥೆಯೆಂದು ಯಾರಾದರೂ ‘ಮಿಥ್ಯ’ ಚಿತ್ರವನ್ನು ಸೂಚಿಸಿದರೆ, ಅದನ್ನು ಮೊದಲು ನೀವು ನೋಡಿ. ಸುಮಂತ್ ಭಟ್ ನಿರ್ದೇಶನದ, 2025ರ ಮಾರ್ಚ್‌ನಲ್ಲಿ ತೆರೆಕಂಡ ಈ ಚಿತ್ರದಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೊಂದರ ಬಾಲಕ ಮುಂಬೈ ಬಿಟ್ಟು ಉಡುಪಿಯ ಚಿಕ್ಕಮ್ಮನ ಮನೆಗೆ ಬರುತ್ತಾನೆ. ಬಾಲಕ ಆತಿಶ್ ಶೆಟ್ಟಿ ದುಃಖವನ್ನು ಅಳುವಿನಿಂದ ತೋರಿಸದೆ ಸಿಟ್ಟಿನಿಂದ, ಹಟದಿಂದ, ಕೆಲವೊಮ್ಮೆ ಸುಳ್ಳಿನಿಂದ ತೋರಿಸುತ್ತಾನೆ. ಮಕ್ಕಳ ಚಿತ್ರವಲ್ಲ, ಮಕ್ಕಳನ್ನು ಸಾಕುವವರು ನೋಡಬೇಕಾದ ಚಿತ್ರ. ನನಗೆ ಆ ವರ್ಷ ನೋಡಿದವುಗಳಲ್ಲಿ ಅದೇ ಎಲ್ಲಕ್ಕಿಂತ ಮೇಲು.

ಪ್ರಶ್ನೆ: ಒಳ್ಳೆಯ ಚಿತ್ರವೆಂದು ಕೇಳುವಷ್ಟರಲ್ಲಿ ಅದು ಚಿತ್ರಮಂದಿರದಿಂದ ಹೋಗಿರುತ್ತದೆ. ನಮ್ಮಂಥವರು ಏನು ಮಾಡಬೇಕು?
ಔಷಧಿ ಅಂಗಡಿ ಮಾಲೀಕರು, ಮಲ್ಲೇಶ್ವರ

ಉತ್ತರ: ಶುಕ್ರವಾರ ಬಂದ ಚಿತ್ರಕ್ಕೆ ಸೋಮವಾರ ಎಷ್ಟು ಆಟ ಉಳಿಯಬೇಕೆಂಬುದು ಆ ಮೂರು ದಿನಗಳ ಟಿಕೆಟಿನ ಮೇಲೆ ನಿಂತಿದೆ. ಆದ್ದರಿಂದ ನೋಡಬೇಕೆಂದು ಅನ್ನಿಸಿದ್ದನ್ನು ಮೊದಲ ಭಾನುವಾರದೊಳಗೆ ನೋಡುವುದೇ ಸರಿ. ‘ಸು ಫ್ರಮ್ ಸೋ’ ತಂಡದವರು ಬಿಡುಗಡೆಗೆ ಮೊದಲೇ ಕೆಲವು ಊರುಗಳಲ್ಲಿ ಟಿಕೆಟ್ ಇಟ್ಟು ಪ್ರದರ್ಶನ ಮಾಡಿ, ನೋಡಿದವರ ಬಾಯಿಮಾತು ಮುಂದೆ ಹೋಗುವಂತೆ ನೋಡಿಕೊಂಡರು. ಆಮೇಲೆ ಆಟಗಳ ಸಂಖ್ಯೆ ತಾನಾಗಿ ಏರಿತು. ಎಲ್ಲರಿಗೂ ಆ ಅದೃಷ್ಟವಿಲ್ಲ. ಒಟಿಟಿಯವರೂ ಕನ್ನಡ ಚಿತ್ರಗಳನ್ನು ಕೊಳ್ಳಲು ಹಿಂದೆಮುಂದೆ ನೋಡುತ್ತಾರೆಂಬ ದೂರು ಹಳೆಯದು. ‘ಏಕಂ’ ಸರಣಿಯನ್ನು 2024ರಲ್ಲಿ ಅದರ ತಂಡದವರು ತಮ್ಮದೇ ಜಾಲತಾಣದಲ್ಲಿ ತೋರಿಸಬೇಕಾಯಿತು. ತಪ್ಪಿಹೋದ ಚಿತ್ರಗಳಿಗಾಗಿ ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿಯ ಕಾರ್ಯಕ್ರಮ ಪಟ್ಟಿಯನ್ನೂ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದ ಕನ್ನಡ ವಿಭಾಗವನ್ನೂ ಗಮನಿಸುತ್ತಿರಿ.

ಪ್ರಶ್ನೆ: ನಮ್ಮ ತಂದೆಯವರಿಗೆ ಎಂಬತ್ತರ ಹತ್ತಿರ ವಯಸ್ಸು. ಹಳೆಯ ಚಿತ್ರಗಳನ್ನು ಬಿಟ್ಟು ಬೇರೆ ಏನನ್ನೂ ನೋಡುವುದಿಲ್ಲ. ಹೊಸದರಲ್ಲಿ ಅವರಿಗೆ ಹಿಡಿಸುವಂಥದ್ದು ಯಾವುದಾದರೂ ಇದೆಯೇ?
ಓದುಗರು, ಜಯನಗರ

ಉತ್ತರ: ‘ಆಚಾರ್ ಅಂಡ್ ಕೋ’ ಹಾಕಿ ಕೂರಿಸಿ. ಸಿಂಧು ಶ್ರೀನಿವಾಸಮೂರ್ತಿ ನಿರ್ದೇಶಿಸಿ ನಟಿಸಿರುವ, 2023ರ ಜುಲೈನಲ್ಲಿ ಬಿಡುಗಡೆಯಾದ ಈ ಚಿತ್ರ ಅರವತ್ತು, ಎಪ್ಪತ್ತರ ದಶಕದ ಬೆಂಗಳೂರಿನ ದೊಡ್ಡ ಸಂಸಾರವೊಂದರ ಕಥೆ. ಮನೆ ತುಂಬ ಮಕ್ಕಳು, ಸಂಬಳಕ್ಕೆ ಮೀರಿದ ಖರ್ಚು, ಜಯನಗರದಲ್ಲಿ ಸ್ವಂತ ಮನೆಯ ಆಸೆ, ಹೆಣ್ಣುಮಕ್ಕಳ ಮದುವೆಯ ಚಿಂತೆ. ದೊಡ್ಡ ತಿರುವುಗಳಿಲ್ಲ, ಮಧ್ಯಂತರದ ನಂತರ ಕಥೆ ಕೊಂಚ ಬಿಡಿಬಿಡಿಯಾಗುತ್ತದೆ ಕೂಡ. ಆದರೆ ಅಷ್ಟು ಮಂದಿ ಅಕ್ಕತಮ್ಮಂದಿರಲ್ಲಿ ಪ್ರತಿಯೊಬ್ಬರಿಗೂ ಸಿಟ್ಟಾಗಲು, ಹಟ ಹಿಡಿಯಲು, ನಗಲು ತಮ್ಮದೇ ಒಂದು ದೃಶ್ಯವಾದರೂ ಇದೆ. ನಿಮ್ಮ ತಂದೆಯವರು ನಡುನಡುವೆ ಚಿತ್ರ ನಿಲ್ಲಿಸಿ ಆ ಕಾಲದ ಜಯನಗರದ ಬಗ್ಗೆ ಮಾತಾಡಲು ಶುರುಮಾಡುವುದು ಖಂಡಿತ. ರಿಮೋಟನ್ನು ಅವರ ಕೈಗೇ ಕೊಟ್ಟುಬಿಡಿ.